ರಣರಂಗದಿಂದ ಬೇಟೆಯ ಬಯಲಿಗೆ

ಮ್ಯೂನಿಕ್‌ನ ಚಿತ್ರಕಾರ ವಿಲ್‌ಹೆಲ್ಮ್ ಫಾನ್ ಕೋಬೆಲ್ (1766–1853) ಬರೆದ ಬೇಟೆಯ ಚಿತ್ರಗಳಲ್ಲಿ ಬೇಟೆಯೇ ಕಾಣುವುದು ಅಪರೂಪ. ದಿಣ್ಣೆಯ ಮೇಲೆ ಸಿರಿವಂತ ಸವಾರ ಕುದುರೆ ನಿಲ್ಲಿಸಿರುತ್ತಾನೆ. ಪಕ್ಕದಲ್ಲಿ ನಾಯಿ, ಎದುರಿಗೆ ಹಳ್ಳಿಯವರು, ಹಿಂದೆ ಸರೋವರ, ಆಲ್ಪ್ಸ್ ಸಾಲು. ದಿಗಂತ ತೀರಾ ಕೆಳಗಿರುವುದರಿಂದ ಕುದುರೆ ಮತ್ತು ಸವಾರ ಬರಿಯ ಆಕಾಶಕ್ಕೆ ಎದುರಾಗಿ ನಿಲ್ಲುತ್ತಾರೆ. ನೆರಳುಗಳು ಮಾರುದ್ದ. ಯಾರ ಮುಖದಲ್ಲೂ ಅವಸರವಿಲ್ಲ.

ಈ ಶಾಂತಿಯ ಮೂಲ ಯುದ್ಧಚಿತ್ರಗಳಲ್ಲಿದೆ ಎಂದರೆ ವಿಚಿತ್ರ ಅನಿಸಬಹುದು. ತಂದೆ ಫರ್ಡಿನಾಂಡ್ ಕೂಡ ಚಿತ್ರಕಾರ. ಮಗ ಪಳಗಿದ್ದು 17ನೇ ಶತಮಾನದ ಡಚ್ಚರನ್ನು, ಮುಖ್ಯವಾಗಿ ಕುದುರೆಗಳ ಚಿತ್ರಕ್ಕೆ ಹೆಸರಾದ ವೌವರ್ಮನ್‌ನನ್ನು ನೋಡಿ. ಮ್ಯೂನಿಕ್ ರಾಜಧಾನಿಯಾಗಿದ್ದ ಬವೇರಿಯಾ ರಾಜ್ಯ ನೆಪೋಲಿಯನ್ ಪಕ್ಷದಲ್ಲಿದ್ದಾಗ ಯುವರಾಜ ಲುಡ್ವಿಗ್ ತನ್ನ ಸೈನ್ಯದ ಕದನಗಳನ್ನು ಬರೆಯಲು ಕೋಬೆಲ್‌ಗೆ ಹೇಳಿದ. ಪ್ರಷ್ಯಾದ ಕೋಟೆಯೊಂದರ ಮುತ್ತಿಗೆಯ ಚಿತ್ರ 'ಕೋಸೆಲ್ ಮುತ್ತಿಗೆ' (1808) ನೋಡಿ: ಎತ್ತರದ ನೆಲದಲ್ಲಿ ಸೈನಿಕರು, ಅವರಾಚೆ ಹರಡಿದ ಬಯಲು, ಯುದ್ಧ ಎಲ್ಲೋ ದೂರದಲ್ಲಿ. ಮುಂದೆ ಅದೇ ಎತ್ತರದಲ್ಲಿ ಬೇಟೆಗಾರರು ಬಂದು ನಿಂತರು, ಅಷ್ಟೇ.

ಅವರಿಗೊಂದು ತಾಣವೂ ಸಿಕ್ಕಿತು. ಆಲ್ಪ್ಸ್ ತಪ್ಪಲಿನ ಸರೋವರದ ದಡದಲ್ಲಿದ್ದು 1803ರಲ್ಲಿ ಮುಚ್ಚಿಹೋದ ಟೇಗರ್ನ್‌ಸೇ ಮಠವನ್ನು ರಾಜ ಮ್ಯಾಕ್ಸಿಮಿಲಿಯನ್ ಯೋಸೆಫ್ 1817ರಲ್ಲಿ ಕೊಂಡು ಬೇಸಿಗೆಯ ಬಿಡಾರ ಮಾಡಿಕೊಂಡ. ಆಸ್ಥಾನದವರೂ ರೈತರೂ ಒಂದೇ ದಾರಿಯಲ್ಲಿ ಎದುರಾಗುವ ಜಾಗ ಅದು.

ಚಿತ್ರ ಮುಚ್ಚಿಟ್ಟಿದ್ದು ಇಲ್ಲಿದೆ. ಆಗ ರೈತನ ಸ್ವಂತ ಹೊಲದಲ್ಲೂ ಬೇಟೆಯ ಹಕ್ಕು ದೊರೆಯದ್ದು, ಜಮೀನ್ದಾರನದ್ದು. ಜಿಂಕೆ, ಹಂದಿ ಪೈರು ಮೇಯ್ದರೂ ಗುಂಡು ಹಾರಿಸುವಂತಿಲ್ಲ. ಮೇಲೆ ಧಣಿಗಳ ಬೇಟೆಗೆ ಮಿಕ ಎಬ್ಬಿಸಿಕೊಡುವ ಬಿಟ್ಟಿ ಚಾಕರಿ. ಕೋಬೆಲ್ ಇದನ್ನು ಬರೆಯಲಿಲ್ಲ. ಬರೆದಿದ್ದರೆ ಕೊಳ್ಳುವವರು ಯಾರಿದ್ದರು?

ಆಸ್ಥಾನದ ಒಲವೂ ಬಹಳ ದಿನ ಉಳಿಯಲಿಲ್ಲ. 1814ರಲ್ಲಿ ಕೋಬೆಲ್‌ಗೆ ಸಿಕ್ಕಿದ್ದ ಮ್ಯೂನಿಕ್ ಅಕಾಡೆಮಿಯ ಭೂದೃಶ್ಯ ಚಿತ್ರಕಲೆಯ ಪ್ರಾಧ್ಯಾಪಕ ಹುದ್ದೆಯನ್ನು 1826ರಲ್ಲಿ ಅಕಾಡೆಮಿಯ ನಿರ್ದೇಶಕ, ಚಿತ್ರಕಾರ ಪೀಟರ್ ಕೊರ್ನೇಲಿಯುಸ್ ರದ್ದು ಮಾಡಿದ. ಪುರಾಣ, ಚರಿತ್ರೆಯ ಭಾರೀ ಭಿತ್ತಿಚಿತ್ರಗಳ ಮುಂದೆ ಬೆಟ್ಟ, ಕುದುರೆ ಕೊರ್ನೇಲಿಯುಸ್‌ಗೆ ಕೀಳು.

ಜರ್ಮನ್ ರಾಜ್ಯಗಳಲ್ಲೆಲ್ಲ ಎದ್ದ 1848ರ ಕ್ರಾಂತಿ ಹಳೆಯ ಬೇಟೆಹಕ್ಕನ್ನು ಮುರಿಯಿತು. ಬವೇರಿಯಾದಲ್ಲಿ ಜೂನ್‌ನಲ್ಲಿ, ಪ್ರಷ್ಯಾದಲ್ಲಿ ಅಕ್ಟೋಬರ್ 31ರಂದು ಕಾನೂನು ಬಂತು: ನೆಲ ಯಾರದೋ ಬೇಟೆ ಅವರದು. ಆದರೆ 1850ರಲ್ಲಿ ಎರಡೂ ಕಡೆ ಮತ್ತೊಂದು ಕಾನೂನು. ಸ್ವತಃ ಬೇಟೆಯಾಡಲು ಒಂದು ಮಟ್ಟದಷ್ಟು ಜಮೀನು ಇರಲೇಬೇಕು; ಸಣ್ಣ ಹಿಡುವಳಿಗಳ ಬೇಟೆಯನ್ನು ಊರೊಟ್ಟಿಗೆ ಗುತ್ತಿಗೆಗೆ ಕೊಡಬಹುದು. ಗುತ್ತಿಗೆ ಹಿಡಿಯಲು ದುಡ್ಡಿದ್ದವರು ಹಳೆಯ ಧಣಿಗಳು ಮತ್ತು ಪೇಟೆಯ ಹೊಸ ಸಾಹುಕಾರರು.