ಕೊಡಗಿನ ತೋಟಕ್ಕೆ ನ್ಯಾನೊ ಕಬ್ಬಿಣ ಬೇಕೆ?

ಮಾಲಿನ್ಯ ತೆಗೆಯುವ ನ್ಯಾನೊ ವಸ್ತುಗಳ ಪಾಠದಲ್ಲಿ ಮೊದಲು ಗಟ್ಟಿ ಮಾಡಿಕೊಳ್ಳಬೇಕಾದದ್ದು ಶೂನ್ಯ ವೇಲೆನ್ಸಿ ಕಬ್ಬಿಣ, ಅಂದರೆ ಇನ್ನೂ ತುಕ್ಕು ಹಿಡಿಯದ ಲೋಹ. ಅದನ್ನು ನ್ಯಾನೊಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ಲೆಕ್ಕದಲ್ಲಿ ಅಳೆಯುವಷ್ಟು ಸಣ್ಣ ಮಾಡುವುದೇಕೆ? ಲೆಕ್ಕ ಹಾಕಿ ನೋಡಿ. 1 ಸೆಂ.ಮೀ. ಘನದ ಹೊರಮೈ 6 ಚದರ ಸೆಂ.ಮೀ. ಅದನ್ನೇ 100 ನ್ಯಾನೊಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಹೊರಮೈ 60 ಚದರ ಮೀಟರ್, ಕಾಫಿ ಒಣಗಿಸುವ ಸಣ್ಣ ಕಣದಷ್ಟು! ಕ್ರಿಯೆ ನಡೆಯುವುದೆಲ್ಲ ಹೊರಮೈಯಲ್ಲೇ.

ಕಬ್ಬಿಣ ಎಲೆಕ್ಟ್ರಾನ್ ಕೊಡುತ್ತದೆ, ಎದುರಿನ ವಸ್ತು ಪಡೆಯುತ್ತದೆ. ಹಿಂದೆ ಅರೇಬಿಕಾ ಕಾಫಿ ಗಿಡದ ಬಿಳಿ ಕಾಂಡಕೊರಕ ಹುಳಕ್ಕೆ ಬಳಿಯುತ್ತಿದ್ದ ಲಿಂಡೇನ್ ಕೀಟನಾಶಕದ ಅಣುವಿನಲ್ಲಿ ಆರು ಕ್ಲೋರಿನ್‌ಗಳಿವೆ. ಎಲೆಕ್ಟ್ರಾನ್ ಸಿಕ್ಕಂತೆ ಅವು ಕಳಚಿಕೊಳ್ಳುತ್ತವೆ. ಉಳಿಯುವ ವಸ್ತುಗಳಲ್ಲಿ ಬೆಂಜೀನ್ ಕೂಡ ಇರುತ್ತದೆ. ಅದೂ ವಿಷವೇ. ಹಾಗಾಗಿ ಪರೀಕ್ಷೆಯ ಉತ್ತರದಲ್ಲಿ ‘ಸಂಪೂರ್ಣ ನಿರಪಾಯ’ ಎಂದು ಬರೆಯಬೇಡಿ.

ಇನ್ನು ತಾಮ್ರ. ಎಲೆ ತುಕ್ಕು ರೋಗಕ್ಕೆ ವರ್ಷವರ್ಷವೂ ಹೊಡೆಯುವ ಬೋರ್ಡೋ ದ್ರಾವಣದಿಂದ (ಮೈಲುತುತ್ತ, ಅಂದರೆ ತಾಮ್ರದ ಸಲ್ಫೇಟ್, ಮತ್ತು ಸುಣ್ಣದ ಮಿಶ್ರಣ) ಅದು ಮೇಲ್ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ಮೈಲುತುತ್ತದ ನೀರಿಗೆ ಮೊಳೆ ಹಾಕಿದರೆ ಕೆಂಪು ಲೇಪ ಕೂರುವ ಶಾಲೆಯ ಪ್ರಯೋಗ ನೆನಪಿದೆಯಲ್ಲ, ನ್ಯಾನೊ ಕಬ್ಬಿಣ ಮಾಡುವುದೂ ಅದನ್ನೇ. ಆದರೆ ತಾಮ್ರ ಮೂಲಧಾತು, ನಾಶವಾಗದು. ಕರಗದ ರೂಪಕ್ಕೆ ತಿರುಗಿ ಅಲ್ಲೇ ಕೂರುತ್ತದೆ. ಮೇಲಾಗಿ ನಮ್ಮದು ಹುಳಿ ಮಣ್ಣು. ಅಲ್ಲಿ ಕಬ್ಬಿಣ ನೀರಿನೊಡನೆಯೇ ವರ್ತಿಸಿ ಹೈಡ್ರೋಜನ್ ಬಿಡುತ್ತಾ ಬೇಗ ಸವೆದುಹೋಗುತ್ತದೆ. ತೋಟಕ್ಕೆ ಸುಣ್ಣ ಹಾಕಿ ಹುಳಿ ಇಳಿಸಿದರೆ ತಾಮ್ರ ಕರಗಿ ಓಡಾಡುವುದು ತಾನಾಗಿ ಕಡಿಮೆಯಾಗುತ್ತದೆ. ನನ್ನ ಮಟ್ಟಿಗೆ ಇಲ್ಲಿ ಸುಣ್ಣವೇ ಗೆಲ್ಲುತ್ತದೆ.

ಕಾಫಿ ಹಣ್ಣಿನ ಸಿಪ್ಪೆ ಸುಲಿದಾಗ ಉಳಿಯುವ ಪಲ್ಪಿಂಗ್ ನೀರಿನ ಪ್ರಶ್ನೆಯಂತೂ ಬೇರೆಯೇ. ಅದರಲ್ಲಿರುವುದು ಸಕ್ಕರೆ, ಪೆಕ್ಟಿನ್. ಹೊಳೆಗೆ ಬಿಟ್ಟರೆ ನೀರಿನ ಆಮ್ಲಜನಕ ಖಾಲಿ. ಅದನ್ನು ಅರಗಿಸುವುದು ಸೂಕ್ಷ್ಮಜೀವಿಗಳ ಕೆಲಸ, ಕಬ್ಬಿಣದ್ದಲ್ಲ.

ಹಾಗಾದರೆ ನ್ಯಾನೊ ಕಬ್ಬಿಣದ ಜಾಗ ಎಲ್ಲಿ? ಕಾರ್ಖಾನೆಯ ದ್ರಾವಕ ಅಂತರ್ಜಲಕ್ಕೆ ಇಳಿದ ಕಡೆ. ಅಗೆದು ತೆಗೆಯಲಾಗದ ಆಳಕ್ಕೆ ಕೊಳವೆಬಾವಿಯಿಂದ ಕಣಗಳನ್ನು ನೀರಿನಲ್ಲಿ ಕಲಸಿ ಇಳಿಸಬಹುದು. ಅಮೆರಿಕದ ಲೀಹೈ ವಿಶ್ವವಿದ್ಯಾಲಯದ ಝಾಂಗ್ ತಂಡ ನ್ಯೂಜೆರ್ಸಿಯ ಟ್ರೆಂಟನ್‌ನಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ಕ್ಲೋರಿನ್ ಇರುವ ದ್ರಾವಕದ ಮೇಲೆ ಇದನ್ನು ಪರೀಕ್ಷಿಸಿ 2001ರಲ್ಲಿ ಪ್ರಕಟಿಸಿತು. ಆರು ವೇಲೆನ್ಸಿಯ ಕ್ರೋಮಿಯಂ ಕೂಡ ಹೀಗೆ ಮೂರಕ್ಕಿಳಿದು ತಳ ಸೇರುತ್ತದೆ.

ತೊಡಕು ಕಾಂತಗುಣದ್ದು. ಕಣಗಳು ಒಂದಕ್ಕೊಂದು ಅಂಟಿ ಗಂಟಾಗಿ, ಬಾವಿಯಿಂದ ಕೆಲವೇ ಮೀಟರ್ ಹೋಗಿ ನಿಲ್ಲುತ್ತವೆ. ಅದಕ್ಕೇ ಅವು ಅಂಟಿಕೊಳ್ಳದಂತೆ ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್ ಎಂಬ, ಸೆಲ್ಯುಲೋಸ್‌ನಿಂದ ಮಾಡಿದ ಪಾಲಿಮರ್ ಲೇಪಿಸುತ್ತಾರೆ. ಲೇಪಿಸಿದರೂ ಬಾವಿಗಳನ್ನು ಹತ್ತಿರ ಹತ್ತಿರವೇ ಕೊರೆಯಬೇಕು. ಖರ್ಚು ಏರುವುದು ಅಲ್ಲೇ.