ಪದ ಪರಿಚಯ: ಉಪಯುಕ್ತ ಚಿತ್ರ

ಚೆಂದದ ಚಿತ್ರವೆಲ್ಲ ಉಪಯುಕ್ತ ಚಿತ್ರವಲ್ಲ. ವಿಷಯವನ್ನು ಓದುಗರಿಗೆ ಸ್ಪಷ್ಟವಾಗಿ ತೋರಿಸುವ, ಏನು, ಎಲ್ಲಿಯದು ಎಂಬ ವಿವರವುಳ್ಳ, ತೆಗೆದವರ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದಾದ ಚಿತ್ರಕ್ಕೆ ಈ ಹೆಸರು ಸಲ್ಲುತ್ತದೆ. ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಮುಕ್ತ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ಚಿತ್ರದ ಗುಣ, ಉಪಯುಕ್ತತೆ ಎರಡನ್ನೂ ಬೇರೆಯಾಗಿಯೇ ಇಟ್ಟಿದೆ. ಅಲ್ಲಿ ತಾಂತ್ರಿಕ ಗುಣಕ್ಕೆ ‘ಕ್ವಾಲಿಟಿ ಇಮೇಜ್’ ಮನ್ನಣೆ. ಅದಕ್ಕೆ ಕನಿಷ್ಠ 2 ಮೆಗಾಪಿಕ್ಸೆಲ್ ಬೇಕು. ಉಪಯುಕ್ತತೆಗೆ ‘ವ್ಯಾಲ್ಯೂಡ್ ಇಮೇಜ್’. ಇಲ್ಲಿ ಪುಟದಲ್ಲಿ ಸಣ್ಣದಾಗಿ ಕಂಡರೂ ವಿಷಯ ತಿಳಿಯಬೇಕು.

ಇಂಥ ಭಂಡಾರಕ್ಕೆ ಚಿತ್ರ ಕೂಡಿಸಲು ಸ್ವಯಂಸೇವಕರ ಸ್ಪರ್ಧೆ ನಡೆಸುವವರು ಎಡವುವುದು ಇಲ್ಲಿಯೇ. ಕೊಪ್ಪಳ ಜಿಲ್ಲೆಯಲ್ಲಿ ‘ಹೆಚ್ಚು ಚಿತ್ರ ಸೇರಿಸಿದವರಿಗೆ ಬಹುಮಾನ’ ಎಂದು ಸಾರಿದರೆ ಏನಾಗುತ್ತದೆ? 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯ ಒಂದೇ ಮೂಲೆಯಿಂದ ನೂರಾರು ಸಲ ಬಂದು ಬೀಳುತ್ತದೆ. ಅದನ್ನು ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದ ಶಾಸನದತ್ತ ಯಾರೂ ಕ್ಯಾಮೆರಾ ತಿರುಗಿಸುವುದಿಲ್ಲ. ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನಗಳ ಗತಿಯೂ ಅದೇ. ತಪ್ಪು ಸ್ಪರ್ಧಿಗಳದ್ದಲ್ಲ, ನಿಯಮ ಕೇಳಿದ್ದು ಎಣಿಕೆಯನ್ನು, ಅವರು ಕೊಟ್ಟದ್ದೂ ಎಣಿಕೆಯನ್ನೇ.

ಆದ್ದರಿಂದ ಸ್ಪರ್ಧೆಗೆ ಮೊದಲು ಚಿತ್ರವಿಲ್ಲದ ವಿಷಯಗಳ ಪಟ್ಟಿಯಾಗಬೇಕು. ಆ ಪಟ್ಟಿಯಲ್ಲಿನ ಮೊದಲ ಸ್ಪಷ್ಟ ಚಿತ್ರಕ್ಕೆ ಹೆಚ್ಚು ಅಂಕ, ಅದೇ ಕೋನದ ಮರುಚಿತ್ರಕ್ಕೆ ಸೊನ್ನೆ. ಹಿರೇಬೆಣಕಲ್ಲಿನ ಬೃಹತ್ ಶಿಲಾಸಮಾಧಿಗಳಂಥ ಕಡೆ ಅಳತೆಗೋಲನ್ನೋ ಪಕ್ಕದಲ್ಲಿ ನಿಂತ ವ್ಯಕ್ತಿಯನ್ನೋ ಸೇರಿಸಿ ತೆಗೆದ ಒಂದು ಚಿತ್ರ ಕಡ್ಡಾಯವಾಗಲಿ. ಇಲ್ಲದಿದ್ದರೆ ಆ ಕಲ್ಲುಮನೆ ಮೊಣಕಾಲೆತ್ತರದ್ದೋ ಆಳೆತ್ತರದ್ದೋ ತಿಳಿಯದು. ಚಿತ್ರದ ಮೇಲೆ ಸ್ಟುಡಿಯೋ ಹೆಸರು ಅಚ್ಚೊತ್ತಿ ಕಳಿಸುವ ಚಾಳಿಗೂ ತಡೆ ಹಾಕಬೇಕು.

2010ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಆರಂಭವಾಗಿ, 2012ರಲ್ಲಿ ಭಾರತವೂ ಸೇರಿಕೊಂಡ ‘ವಿಕಿ ಲವ್ಸ್ ಮಾನ್ಯುಮೆಂಟ್ಸ್’ ಎಂಬ ಸ್ಮಾರಕಗಳ ಚಿತ್ರಸ್ಪರ್ಧೆಯ ಒಂದು ನಿಯಮ ನನಗೆ ಬಹಳ ಇಷ್ಟ. ಸ್ವಂತ ಚಿತ್ರವನ್ನು ಸ್ಪರ್ಧೆಯ ಅವಧಿಯಲ್ಲಿಯೇ ಸೇರಿಸಬೇಕು, ಆದರೆ ತೆಗೆದದ್ದು ಯಾವಾಗಲಾದರೂ ಸರಿ. ಜೀರ್ಣೋದ್ಧಾರದ ಹೆಸರಿನಲ್ಲಿ ಗುಡಿಯ ಕಂಬಗಳಿಗೆ ಎಣ್ಣೆಬಣ್ಣ ಬಳಿಯುವ ನಮ್ಮ ನಾಡಿನಲ್ಲಿ ಹಳೆಯ ಆಲ್ಬಮ್ಮಿಗೆ ಬೆಲೆ ಹೆಚ್ಚು.

ಕಿನ್ನಾಳದ ಗೊಂಬೆ ಮಾಡುವವರಂಥ ಕಸುಬುದಾರರ ಚಿತ್ರಗಳಿಗೆ ಇನ್ನೊಂದು ಷರತ್ತು ಬೇಕು. ಅವರ ಒಪ್ಪಿಗೆ ಕೇಳುವಾಗ, ಈ ಚಿತ್ರವನ್ನು ಯಾರಾದರೂ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಿ ಮಾರಲೂಬಹುದು ಎಂಬುದನ್ನು ಮೊದಲೇ ಬಿಡಿಸಿ ಹೇಳಬೇಕು. ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದೆನ್ನುವ ಮುಕ್ತ ಪರವಾನಗಿ ಅದಕ್ಕೂ ಅವಕಾಶ ಕೊಡುತ್ತದೆ.