ಗುಜರಿಗೆ ಹೋಗದ ಮ್ಯಾಗ್ನೆಟ್

ಮಲ್ಪೆಯಲ್ಲಿ ನಮ್ಮ ಮಾವನ ಬೋಟನ್ನು ದಡಕ್ಕೆ ಎಳೆದು ಹಾಕಿ ಎಷ್ಟೋ ವರ್ಷ ಆಯ್ತು, ಆದ್ರೆ ಅದರ ಇಂಜಿನ್ ಇನ್ನೂ ಬೇರೆಯವರ ಬೋಟಲ್ಲಿ ಓಡ್ತಾ ಉಂಟು. ಈ ಫಿಸಿಕ್ಸ್‌ನವರೂ ಹಾಗೇ ಮಾರಾಯ್ರೆ.

ಜಪಾನಿನ ಟಿ2ಕೆ ಅಂತ ಒಂದು ಪ್ರಯೋಗ. ಟೊಕಾಯಿ ಅನ್ನೋ ಊರಿಂದ ನ್ಯೂಟ್ರಿನೊ, ಅಂದ್ರೆ ಯಾವುದಕ್ಕೂ ತಾಗದ ಹಾಗೆ ತೂರಿ ಹೋಗುವ ಪುಟಾಣಿ ಕಣ, ಬಿಟ್ಟು 295 ಕಿಲೋಮೀಟರ್ ಆಚೆ ಸೂಪರ್ ಕಾಮಿಯೊಕಾಂಡೆ ಅನ್ನೋ ಡಿಟೆಕ್ಟರಿನಲ್ಲಿ ಹಿಡಿಯೋದು. ಮಂಗಳೂರಿಂದ ಬೆಂಗಳೂರಿಗೆ ಮ್ಯಾಪಲ್ಲಿ ನೇರ ಗೆರೆ ಎಳೆದ್ರೆ ಹೆಚ್ಚುಕಮ್ಮಿ ಅಷ್ಟೇ ದೂರ, ಒಂದು ಮಿಲಿಸೆಕೆಂಡಲ್ಲಿ ಮುಟ್ತದೆ, ಶಿರಾಡಿ ಘಾಟಿ ಬಂದ್ ಆಗುವ ತಲೆಬಿಸಿ ಇಲ್ಲ, ನೆಲದೊಳಗಿಂದಲೇ ಹೋಗ್ತದಲ್ಲ.

ತಲೆಬಿಸಿ ಇರೋದು ಹೊರಡುವಲ್ಲಿ. ಪ್ರೋಟಾನ್‌ಗಳನ್ನು ಕೊಡೆಯಷ್ಟು ಉದ್ದದ, ಅಂದ್ರೆ 90 ಸೆಂಟಿಮೀಟರ್ ಗ್ರಾಫೈಟ್ ಸರಳಿಗೆ ಹೊಡಿತಾರೆ, ಅದರಿಂದ ಪಯಾನ್ ಅನ್ನೋ ಅಲ್ಪಾಯುಷಿ ಕಣಗಳು ಚೆಲ್ಲಾಪಿಲ್ಲಿ ಹೊರಗೆ ಬರ್ತವೆ, ಹಾರ್ನ್ ಅನ್ನೋ ಮ್ಯಾಗ್ನೆಟ್‌ಗಳು ಅವನ್ನು ಒಂದೇ ದಿಕ್ಕಿಗೆ ತಿರುಗಿಸ್ತವೆ, ಆಮೇಲೆ ಅವು ಒಡೆದು ನ್ಯೂಟ್ರಿನೊ ಹುಟ್ತದೆ. ಹುಟ್ಟಿದ ಮೇಲೆ ಅದಕ್ಕೆ ಚಾರ್ಜ್ ಇಲ್ಲ, ತಿರುಗಿಸ್ಲಿಕ್ಕೂ ಆಗುದಿಲ್ಲ, ಎಲ್ಲ ಎಣಿಸ್ಲಿಕ್ಕೂ ಆಗುದಿಲ್ಲ. ಹಾಗಾಗಿ ಎಷ್ಟು ಹೊರಟಿತು ಅನ್ನೋದು ಕಂಪ್ಯೂಟರ್ ಸಿಮ್ಯುಲೇಶನ್ ಹೇಳ್ಬೇಕು. ಕೆರೆಗೆ ಎಷ್ಟು ಸಿಗಡಿ ಮರಿ ಬಿಟ್ಟದ್ದು ಅಂತ ಗೊತ್ತಿಲ್ದಿದ್ರೆ ಎಷ್ಟು ಕಾಣೆಯಾಯ್ತು ಅಂತ ಹೇಗೆ ಹೇಳುದು? ದಾರಿಯಲ್ಲಿ ನ್ಯೂಟ್ರಿನೊ ವೇಷ ಬದಲಿಸುವ, ಅಂದ್ರೆ ಒಂದು ಬಗೆಯದ್ದು ಇನ್ನೊಂದು ಬಗೆ ಆಗುವ ಲೆಕ್ಕವೂ ಇದೇ.

ಆದ್ರೆ ಕಾರ್ಬನ್‌ಗೆ ಪ್ರೋಟಾನ್ ತಾಗಿದಾಗ ಎಷ್ಟು ಪಯಾನ್ ಯಾವ ಕೋನದಲ್ಲಿ ಬರ್ತದೆ ಅಂತ ಬರೀ ಥಿಯರಿಯಿಂದ ನಿಖರವಾಗಿ ಹೇಳ್ಲಿಕ್ಕಾಗುದಿಲ್ಲ, ಒಂದೊಂದು ಮಾಡೆಲ್ ಒಂದೊಂದು ಉತ್ತರ ಕೊಡ್ತದೆ. ಹಾಗಾಗಿ ಯುರೋಪಿನ ಕಣ ಪ್ರಯೋಗಾಲಯ ಸರ್ನ್‌ನಲ್ಲಿ ಎನ್‌ಎ61 ಪ್ರಯೋಗದವರು ಅಳೆದೇ ನೋಡಿದ್ರು. ಮೊದಲು 2 ಸೆಂಟಿಮೀಟರ್ ದಪ್ಪದ ಕಾರ್ಬನ್ ಬಿಲ್ಲೆ. ಅದು ಸಾಲ್ಲಿಲ್ಲ, ಯಾಕಂದ್ರೆ ಉದ್ದ ಸರಳಲ್ಲಿ ಒಮ್ಮೆ ಹುಟ್ಟಿದ ಕಣ ಹೊರಗೆ ಬರುವ ಮೊದಲೇ ಇನ್ನೊಂದು ಕಾರ್ಬನ್‌ಗೆ ಹೊಡೆದು ಮತ್ತೂ ಕಣ ಹುಟ್ಟಿಸ್ತದೆ. ಕೊನೆಗೆ ಟಿ2ಕೆಯ ಸರಳಿನದ್ದೇ ತದ್ರೂಪು ಇಟ್ಟು ಹೊರಗೆ ಬಂದದ್ದನ್ನು ನೇರ ಎಣಿಸಿದ್ರು. ಆ ಅಂಕಿ ಸಿಮ್ಯುಲೇಶನ್‌ಗೆ ಹಾಕಿದ ಮೇಲೆ ಎಷ್ಟು ನ್ಯೂಟ್ರಿನೊ ಹೊರಟಿತು ಅನ್ನೋ ಲೆಕ್ಕದಲ್ಲಿ ಸುಮಾರು 10 ಪರ್ಸೆಂಟ್ ಇದ್ದ ಅನಿಶ್ಚಿತತೆ ಸುಮಾರು 5ಕ್ಕೆ ಇಳಿಯಿತು.

ತಮಾಷೆ ಎಂತ ಅಂದ್ರೆ ಎನ್‌ಎ61ರ ಮುಖ್ಯ ಕಣ್ಣುಗಳೇ ಹಳೇ ಮಾಲು! 90ರ ದಶಕದಲ್ಲಿ ಸೀಸದ ನ್ಯೂಕ್ಲಿಯಸ್‌ಗಳನ್ನು ಡಿಕ್ಕಿ ಹೊಡೆಸಿ ನೋಡ್ತಿದ್ದ ಎನ್‌ಎ49 ಪ್ರಯೋಗದ, ಕಣ ಹೋದ ದಾರಿ ತೋರಿಸುವ ದೊಡ್ಡ ಗ್ಯಾಸ್ ಚೇಂಬರ್‌ಗಳು. ಹಳೇದಾದ್ರೆ ಎಂತ, ಅದರ ಗುಣ-ದೋಷ ಎಲ್ಲ ಗೊತ್ತಿರ್ತದೆ, ಹೊಸತಿಗೆ ಆ ಸೌಕರ್ಯ ಇಲ್ಲ ಅಂತ ನನ್ನ ಅನಿಸಿಕೆ.

ಟಿ2ಕೆಯಲ್ಲಿ ಗ್ರಾಫೈಟ್ ಸರಳಿಂದ 280 ಮೀಟರ್ ದೂರ ಇರುವ ಡಿಟೆಕ್ಟರಿನ ಮ್ಯಾಗ್ನೆಟ್‌ದ್ದು ಇನ್ನೂ ದೊಡ್ಡ ಕಥೆ. 1983ರಲ್ಲಿ ಡಬ್ಲ್ಯೂ, ಝೆಡ್ ಅನ್ನೋ ಕಣಗಳನ್ನು ಕಂಡುಹಿಡಿದ ಸರ್ನ್‌ನ ಯುಎ1 ಪ್ರಯೋಗದಲ್ಲಿ ಇದ್ದದ್ದು, ಆಮೇಲೆ ನೋಮ್ಯಾಡ್ ಅನ್ನೋ ನ್ಯೂಟ್ರಿನೊ ಪ್ರಯೋಗಕ್ಕೆ ಹೋಯ್ತು, ಮತ್ತೆ ಬಿಚ್ಚಿ ಹಡಗಲ್ಲಿ ಜಪಾನಿಗೆ. ಕಬ್ಬಿಣವೇ 850 ಟನ್. ಗುಜರಿಯವನಿಗೆ ತೂಗಿ ಕೊಟ್ಟಿದ್ರೂ ಒಳ್ಳೆ ದುಡ್ಡು ಬರ್ತಿತ್ತು.